ಹದಿನೈದನೆಯ ತುಣುಕು

ಹದಿನಾಲ್ಕು ಆದ ಮೇಲೆ ಹದಿನಾರು, ಇದೇನಿದು, ಕಣ್ಣು ಜಾರಿರಬೇಕು, ಇನ್ನೊಮ್ಮೆ ಮೇಲಿನಿಂದ ನೋಡೋಣ — ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನಾರು — ಇಲ್ಲ, ಹದಿನೈದು ಇಲ್ಲವೇ ಇಲ್ಲ, ಕ್ಯಾಮೆರಾ ತಾನಾಗಿ ಎಣಿಕೆ ತಪ್ಪುವುದಿಲ್ಲ, ತಪ್ಪಿಸುವವರು ಮನುಷ್ಯರು, ಕಾರ್ಡಿನಿಂದ ಈ ಕಂಪ್ಯೂಟರಿಗೆ ಎಲ್ಲವನ್ನೂ ಇಳಿಸಿದವನು ಒಂಟೆ, ಉದ್ದ ಕತ್ತಿನ ನಮ್ಮ ಕ್ಯಾಮೆರಾದ ಹುಡುಗನಿಗೆ ನಾವಿಟ್ಟ ಹೆಸರು, ಅವನೊಬ್ಬನೇ, ನೀನು ಹೋಗಿ ಕಾಫಿ ಕುಡ್ಕೊಂಡ್ ಬಾ ನಾನ್ ಹಾಕಿರ್ತೀನಿ ಅಂದಿದ್ದ, ಅವನು ಯಾವತ್ತು ಇನ್ನೊಬ್ಬರ ಕೆಲಸ ಮೈಮೇಲೆ ಹಾಕಿಕೊಂಡವನು, ಟ್ರೈಪಾಡ್ ಹೊರುವುದಕ್ಕೂ ಮುಖ ಹಿಂಡುವ ಆಸಾಮಿ, ಆಗಲೇ ಅನುಮಾನ ಬರಬೇಕಿತ್ತು ನನಗೆ, ಆದರೆ ಕಾಫಿ ಅಂದರೆ ನನ್ನ ಬುದ್ಧಿ ಮೆಟ್ಟಿಲಿಳಿದು ಹೋಗುತ್ತದೆ. ಲ್ಯಾಬಿನಲ್ಲಿ ಬೆಳಗ್ಗೆ ಹತ್ತಕ್ಕೆ ನಾನೊಬ್ಬಳೇ, ಮುರಿದ ಚಕ್ರದ ಕುರ್ಚಿ ಎಡಕ್ಕೆ ವಾಲುತ್ತಿದೆ, ನಾನೂ ಅದರ ಜೊತೆ ವಾಲಿಕೊಂಡು ಮೊನ್ನೆಯ ಮಾತನ್ನೇ ನೆನೆಯುತ್ತಿದ್ದೇನೆ, ಮೇಡಂ ನಮ್ಮ ಒಂದೂವರೆ ನಿಮಿಷದ ಸಿನಿಮಾವನ್ನು ಎರಡು ಸಲ ನೋಡಿ ಕನ್ನಡಕ ತೆಗೆದು ಒರೆಸಿ, ಹೆದರಿಕೆ ಎಲ್ಲಿದೆ ಇದರಲ್ಲಿ, ಮ್ಯೂಸಿಕ್ ಒಂದೇ ಹೆದರ್ಕೊಂಡು ಕೂತಿದೆಯಲ್ಲ, ಅಂದಾಗ ಇಡೀ ಕ್ಲಾಸು ನಕ್ಕಿತ್ತು, ಗುಬ್ಬಿಯ ಮುಖ ಅವರೆಕಾಳಷ್ಟಾಗಿತ್ತು — ಕಥೆ ಅವಳದು, ನಟನೆಯೂ ಅವಳದೇ, ಹುಡುಗಿ ಮನೆಗೆ ಬರುತ್ತಾಳೆ, ಶೂ ಬಿಚ್ಚುತ್ತಾಳೆ, ಒಳಗೆಲ್ಲೋ ನಲ್ಲಿ ತೊಟ್ಟಿಕ್ಕುತ್ತದೆ, ಬಾಗಿಲ ಹಿಡಿಕೆ ತಿರುಗುತ್ತದೆ, ಅಷ್ಟೇ — ಮೇಡಂ ಬಿಡಲಿಲ್ಲ, ಥ್ರಿಲ್ಲರಿನ ಆರಂಭ ಅಂದ್ರೆ ನೋಡೋನಿಗೆ ಅನುಮಾನ ಮೊದಲು ಬರಬೇಕು, ಪಾತ್ರಕ್ಕೆ ಆಮೇಲೆ, ನೀವು ಉಲ್ಟಾ ಮಾಡಿದ್ದೀರಿ, ತಿದ್ಕೊಂಡು ಬನ್ನಿ. ತಿದ್ದುವುದು ಅಂದರೆ ನಾನು, ಕತ್ತರಿಸುವವಳು ನಾನು ತಾನೆ, ಬಳಸದೆ ಬಿಟ್ಟದ್ದನ್ನೆಲ್ಲ ಮತ್ತೆ ತೆರೆಯೋಣ, ಆಕ್ಷನ್ ಅನ್ನುವುದಕ್ಕೆ ಮುಂಚಿನ ಮೂರು ಸೆಕೆಂಡು, ಕಟ್ ಅಂದ ಮೇಲಿನ ನಾಲ್ಕು ಸೆಕೆಂಡು, ಅಲ್ಲೇ ಏನಾದರೂ ಸಿಕ್ಕೀತು ಎಂದು ಕೂತರೆ ಹದಿನೈದೇ ಮಾಯ. ಏನು ಮುಚ್ಚಿಡುತ್ತಿದ್ದಾನೆ ಅವನು, ಬೇರೆ ಗುಂಪಿನವರಿಗೆ ಒಳ್ಳೆಯ ಶಾಟು ದಾಟಿಸಿದನೋ, ನನ್ನನ್ನು ಕುರಿತು ಅವನೂ ಗುಬ್ಬಿಯೂ ಏನಾದರೂ ಮಾತಾಡಿದ್ದು ರೆಕಾರ್ಡ್ ಆಗಿದೆಯೋ, ಹೌದು, ಅದೇ ಇರಬೇಕು, ನಮ್ಮ ಮನೆಯಲ್ಲೇ ತಾನೆ ಶೂಟಿಂಗ್, ಹದಿನಾಲ್ಕು ಮುಗಿದ ಮೇಲೆ ನಾನು ಹೊರಗೆ ಹೋಗಿದ್ದೆ, ಪಕ್ಕದ ಮನೆ ಆಂಟಿಗೆ ಟಿವಿ ಸದ್ದು ಕಮ್ಮಿ ಮಾಡಿ ಅಂತ ಹೇಳಲು, ಐದು ನಿಮಿಷ, ಐದು ನಿಮಿಷದಲ್ಲಿ ಒಬ್ಬಳ ಬಗ್ಗೆ ಎಷ್ಟೆಲ್ಲ ಆಡಿಕೊಳ್ಳಬಹುದು.

ಕ್ಯಾಮೆರಾ ಸ್ಟೋರಿನವರು ಕಾರ್ಡು ಕೊಡುವಾಗ ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡರು, ಮತ್ತೇನಮ್ಮಾ ಇದರಲ್ಲಿ, ಎಲ್ಲ ಇಳಿಸ್ಕೊಂಡಾಯ್ತು ಅಂದ್ನಲ್ಲ ಆ ಉದ್ದದ ಹುಡುಗ, ಅಳಿಸೋಕೆ ಇಟ್ಟಿದ್ದೆ. ಅಳಿಸೋಕೆ! ಸರ್ ಒಂದೇ ಒಂದು ಹತ್ತು ನಿಮಿಷ ಎಂದು ಗೋಗರೆದು ತಂದೆ, ಕಾರ್ಡು ಸಿಕ್ಕಿಸಿದೆ, ಇದೆ, ಹದಿನೈದು ಇದೆ. ಒತ್ತಿದೆ. ನಮ್ಮ ಮನೆಯ ಹಾಲ್, ಮಧ್ಯಾಹ್ನದ ಬೆಳಕು, ಯಾರೋ ಆಫ್ ಮಾಡಲು ಮರೆತ ಕ್ಯಾಮೆರಾ, ಗುಬ್ಬಿ ಕುಕ್ಕರುಗಾಲಲ್ಲಿ ಕೂತು ಒಂದು ಕೈಯಲ್ಲಿ ಬಿಸ್ಕೆಟ್ಟು, ಇನ್ನೊಂದರಲ್ಲಿ ಶೂ ದಾರ ಬಿಚ್ಚುತ್ತಿದ್ದಾಳೆ, ಕಿವಿಗೆ ಹೆಡ್‌ಫೋನು ಹಾಕಿಕೊಂಡು ಕೇಳಿದೆ, ನನ್ನ ಬಗ್ಗೆ ಒಂದು ಮಾತೂ ಇಲ್ಲ, ಬಿಸ್ಕೆಟ್ಟು ಕಡಿಯುವ ಸದ್ದು, ಪಕ್ಕದ ಮನೆಯ ಟಿವಿ, ಅಷ್ಟೇ, ಇಷ್ಟಕ್ಕೆ ಯಾಕೆ ಮುಚ್ಚಿಟ್ಟ ಎಂದು ಬೇಜಾರಾಗಿಯೇ ಬಿಟ್ಟಿತು, ಆಮೇಲೆ ಗುಬ್ಬಿಯ ಬೆನ್ನ ಹಿಂದಿನ ಶೋಕೇಸಿನ ಗಾಜಿನಲ್ಲಿ ಏನೋ ಅಲುಗಿತು. ನಿಲ್ಲಿಸಿದೆ, ಹಿಂದಕ್ಕೆ ಎಳೆದೆ, ದೊಡ್ಡದು ಮಾಡಿದೆ. ಗಾಜಿನಲ್ಲಿ ಅಜ್ಜಿಯ ಕೋಣೆಯ ಅರೆತೆರೆದ ಬಾಗಿಲು, ಬಾಗಿಲಲ್ಲಿ ಬೆಳಕಿನ ಪಟ್ಟಿ, ಪಟ್ಟಿಯಲ್ಲಿ ತೆಳು ನೀಲಿ ನೈಟಿ, ನಿಂತಿದೆ, ನಡೆಯುತ್ತಿದೆ, ಒಂದು, ಎರಡು, ಮೂರು, ನಾಲ್ಕು ಹೆಜ್ಜೆ, ಕೈ ಚಾಚಿ ಕಿಟಕಿಯ ಸರಳು ಹಿಡಿದು ಬೀದಿಯನ್ನು ಬಗ್ಗಿ ನೋಡುತ್ತಿದೆ. ಹನ್ನೊಂದು ಸೆಕೆಂಡು. ಅಜ್ಜಿ ನಡೆಯುವುದಿಲ್ಲ. ಅಜ್ಜಿ ಹದಿನಾಲ್ಕು ತಿಂಗಳಿಂದ ನಡೆದಿಲ್ಲ, ಬಚ್ಚಲಲ್ಲಿ ಬಿದ್ದು ಸೊಂಟದ ಮೂಳೆ ಮುರಿದ ದಿನದಿಂದ ಅವರನ್ನು ಎತ್ತಿ ಕೂರಿಸಬೇಕು, ಹೊರಳಿಸಬೇಕು, ಅದಕ್ಕೇ ಅಲ್ಲವೇ ಅಮ್ಮ ಕೆಲಸ ಬಿಟ್ಟದ್ದು, ಕಟ್ಟಡಗಳ ನಕ್ಷೆ ಹಾಕುತ್ತಿದ್ದ ಅಮ್ಮ, ಪೆನ್ಸಿಲುಗಳ ಡಬ್ಬಿಯನ್ನು ಬೀರುವಿನ ಮೇಲೆ ಇಟ್ಟವಳು ಮತ್ತೆ ಇಳಿಸಿಲ್ಲ. ಯಾರೋ ಆಟ ಕಟ್ಟಿದ್ದಾರೆ, ಗುಬ್ಬಿಯ ಅಕ್ಕನಿಗೆ ನೈಟಿ ಹಾಕಿಸಿ — ಛೆ, ಎಲ್ಲಿಯ ಗುಬ್ಬಿಯ ಅಕ್ಕ, ಆ ಕೂದಲು, ಆ ಬಾಗಿದ ಎಡ ಭುಜ, ಆ ಭುಜಕ್ಕೆ ಒರಗಿಯೇ ನಾನು ಅಕ್ಷರ ಕಲಿತದ್ದು.

ಒಂಟೆ ಕ್ಯಾಂಟೀನಿನ ಹಿಂದೆ ಸಿಕ್ಕಿದ, ನನ್ನನ್ನು ನೋಡಿದವನೇ ಫೋನನ್ನು ಕಿವಿಗಿಟ್ಟುಕೊಂಡ, ಆ ಕಡೆ ಯಾರೂ ಇಲ್ಲ ಅಂತ ನನಗೂ ಗೊತ್ತು ಅವನಿಗೂ ಗೊತ್ತು. ಹದಿನೈದು ಎಲ್ಲಿ ಅಂದೆ. ಯಾವ ಹದಿನೈದು ಅಂದ. ಲೋ, ಸುಮ್ನೆ ಬೊಗಳು, ಕಾರ್ಡ್ ನನ್ನ ಹತ್ರ ಇದೆ. ಫೋನು ಇಳಿಯಿತು, ಉದ್ದನೆಯ ಕತ್ತೂ ಇಳಿಯಿತು, ಅಜ್ಜಿ ಹೇಳ್ಬೇಡ ಅಂದ್ರು ಕಣೇ, ನಾನ್ ಏನ್ ಮಾಡ್ಲಿ, ಕ್ಯಾಮೆರಾ ಸ್ಕ್ರೀನಲ್ಲಿ ಕಂಡ್ರು, ನಿಮ್ಮನೇಲಿ ಇನ್ಯಾರೋ ಇದ್ದಾರೆ ಅಂದ್ಕೊಂಡು ಒಳಗೆ ಹೋದೆ, ಅಷ್ಟರಲ್ಲಿ ಮಂಚದ ತುದೀಲಿ ಕೂತ್ಬಿಟ್ಟಿದ್ರು, ಉಸಿರು ಬಿಡ್ತಿದ್ರು, ಬಾಯಿ ಮೇಲೆ ಬೆರಳಿಟ್ಕೊಂಡು, ಮಗಾ ನೀನು ಏನೂ ನೋಡಿಲ್ಲ, ಅಂದ್ರು, ನಾನ್ ಹೂಂ ಅಂದ್ಬಿಟ್ಟೆ. ಅಳಿಸಬೇಕು ಅಂತಿದ್ಯಾ ಅದನ್ನ. ಹೂಂ. ಯಾಕೋ, ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ. ಅವನು ಕಾಲಿನ ಹೆಬ್ಬೆರಳಲ್ಲಿ ಮಣ್ಣು ಕೆದಕಿದ, ನೀನು ದಿನಾ ನಿಮ್ಮಮ್ಮನ ಸೊಂಟನೋವಿನ ಪಟ್ಟಿ ಬಗ್ಗೆ ಹೇಳ್ತೀಯಲ್ಲ, ಹೇಳಿದ್ರೆ ನೀನು ಅಜ್ಜೀನ ಸುಮ್ನೆ ಬಿಡ್ತೀಯಾ. ಅವನು ಮೂರು ಸಲ ಬಂದಿದ್ದಾನೆ ನಮ್ಮ ಮನೆಗೆ, ಮೂರೇ ಸಲ, ನನ್ನ ಅಜ್ಜಿಯ ಗುಟ್ಟು ಇವನ ಜೇಬಿನಲ್ಲಿ, ನಾನು ಹುಟ್ಟಿದಾಗಿನಿಂದ ಆ ಮನೆಯಲ್ಲಿದ್ದೇನೆ, ನನ್ನ ಜೇಬು ಖಾಲಿ.

ಮನೆಗೆ ಹೋದರೆ ಎಲ್ಲವೂ ಬೇರೆಯಾಗಿ ಕಾಣುತ್ತಿದೆ, ನೋಡಿಯೂ ನೋಡದಿದ್ದದ್ದೆಲ್ಲ ಈಗ ಸಾಕ್ಷಿ ಹೇಳಲು ಸಾಲುಗಟ್ಟಿ ನಿಂತಿದೆ, ಕಿಟಕಿಯ ಪರದೆ ಬೆಳಗ್ಗೆ ಬಲಕ್ಕೆ ಸರಿದಿತ್ತು ಈಗ ಎಡಕ್ಕಿದೆ, ಬೀದಿಯಲ್ಲಿ ಹೊಸ ಹಣ್ಣಿನ ಅಂಗಡಿ ಬಂದದ್ದು ಅಜ್ಜಿಗೆ ಹೇಗೆ ಗೊತ್ತಾಯಿತು ಹೋದ ವಾರ, ಎದುರು ಮನೆಯವರು ಗೇಟಿಗೆ ಬಣ್ಣ ಹೊಡೆಸಿದ್ದು ಹೇಗೆ ಗೊತ್ತಾಯಿತು, ಅಮ್ಮ ಹೇಳಿರಬೇಕು ಎಂದು ನಾನು, ನಾನು ಹೇಳಿರಬೇಕು ಎಂದು ಅಮ್ಮ. ಅಮ್ಮ ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಮಂಚದ ಮೇಲೆ ಒಂದು ಮಂಡಿ ಊರಿ, ಅತ್ತೆ, ಕೈ ಕೊಡಿ, ಒಂದು, ಎರಡು, ಹಾಂ, ಎಂದು ಎತ್ತುತ್ತಾಳೆ, ಅಜ್ಜಿ ಹಿಟ್ಟಿನ ಮೂಟೆಯಂತೆ ಭಾರ ಬಿಡುತ್ತಾರೆ, ಎಂಥ ನಟನೆ, ಗುಬ್ಬಿ ಇವರ ಹತ್ತಿರ ಬಂದು ಕಲಿಯಬೇಕು. ಅಮ್ಮ ಸ್ನಾನಕ್ಕೆ ಹೋಗಿ ಬಚ್ಚಲ ಚಿಲಕ ಬಿದ್ದದ್ದೇ ಒಳಗೆ ಹೋಗಿ ನಿಂತೆ, ನಡೆಯೋಕೆ ಬರುತ್ತೆ ಅಲ್ವಾ ಅಜ್ಜಿ ನಿನಗೆ. ಅಜ್ಜಿ ಸುಳ್ಳು ಹೇಳಲಿಲ್ಲ, ಅದೇ ನನ್ನನ್ನು ಕೆಡಿಸಿದ್ದು, ಸುಳ್ಳು ಹೇಳಿದ್ದರೆ ಜಗಳ ಆಡಬಹುದಿತ್ತು, ಬಾಗಿಲು ಮುಂದೆ ಮಾಡು ಕೂಸೇ ಅಂದರು, ಆ ಉದ್ದನೆ ಹುಡುಗ ಹೇಳಿದ್ನಾ. ಇಲ್ಲ, ನಾನೇ ನೋಡಿದೆ. ನಾಲ್ಕು ಹೆಜ್ಜೆ ಅಷ್ಟೇ, ಕಿಟಕಿವರೆಗೆ, ವಾಪಸ್ ಬರೋಷ್ಟರಲ್ಲಿ ಜೀವ ಹೋಗುತ್ತೆ. ಯಾವಾಗಿಂದ. ಅದನ್ನೆಲ್ಲ ಯಾಕೆ ಕೇಳ್ತೀಯ. ಅಮ್ಮ ನಿನ್ನ ಸಲುವಾಗಿ ಕೆಲಸ ಬಿಟ್ಟಿದ್ದಾಳೆ. ಗೊತ್ತು. ಸೊಂಟ ಹಿಡ್ಕೊಂಡು ಓಡಾಡ್ತಾಳೆ. ಅದೂ ಗೊತ್ತು, ನನಗೆ ನಾಚಿಕೆ ಇಲ್ಲ ಅಂದ್ಕೊಂಡ್ಯಾ, ಅಂದು ಅಜ್ಜಿ ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ, ಇಪ್ಪತ್ತೆರಡು ವರ್ಷ ಕೂಸೇ, ಈ ಮನೇಲಿ ನಾನೂ ಅವಳೂ ಬಾಗಿಲಲ್ಲಿ ಎದುರಾದ್ರೆ ಒಬ್ರಿಗೊಬ್ರು ದಾರಿ ಬಿಟ್ಕೊಟ್ಟಿದ್ದೀವಿ, ಅಷ್ಟೇ, ಊಟ ಆಯ್ತಾ, ಆಯ್ತು, ಮಾತ್ರೆ ತಗೊಂಡ್ರಾ, ತಗೊಂಡೆ, ಜಗಳಾನೂ ಇಲ್ಲ ನೋಡು, ಜಗಳ ಆಡೋಕಾದ್ರೂ ಎರಡು ಮಾತು ಬೇಕಲ್ಲ. ಬಿದ್ದ ಮೇಲೆ ತಲೆ ಬಾಚೋಕೆ ಅಂತ ಹಿಂದೆ ಕೂತ್ಳು, ಮುಖ ಕಾಣ್ದೆ ಇದ್ದಾಗ ಅವಳಿಗೆ ಮಾತು ಬರುತ್ತೆ, ಅವಳ ತಂಗಿ ಹೇಗೆ ಸತ್ಳು ಅಂತ ನನಗೆ ಹೇಳಿದ್ದೇ ಹೋದ ವರ್ಷ, ನಿಮ್ಮಪ್ಪನಿಗೂ ಅಷ್ಟು ಹೇಳಿಲ್ಲ, ಈಗ ದಿನಾ ಮಧ್ಯಾಹ್ನ ಕೂತ್ಕೋತಾಳೆ, ನಾನೂ ಹೇಳ್ತೀನಿ, ಎದ್ದು ಓಡಾಡಿದೆ ಅಂತ ಇಟ್ಕೋ, ನಾಳೆಯಿಂದ ಮತ್ತೆ, ಊಟ ಆಯ್ತಾ, ಆಯ್ತು. ಬಚ್ಚಲಲ್ಲಿ ನೀರಿನ ಸದ್ದು ನಿಂತಿತು. ಹೇಳ್ತೀಯಾ ನಿಮ್ಮಮ್ಮಂಗೆ, ಎಂದು ಅಜ್ಜಿ ನನ್ನ ಮುಖ ನೋಡಿದರು, ನಾನು ಹೊರಗೆ ಬಂದೆ, ಬಂದು ಅಡುಗೆಮನೆಯಲ್ಲಿ ನಿಂತು ಇದೂ ಒಂದು ಕಥೆಯೇ ಇರಬಹುದೇ ಎಂದು ಯೋಚಿಸಿದೆ, ಅಜ್ಜಿ ಕಥೆ ಕಟ್ಟುವುದರಲ್ಲಿ ಎತ್ತಿದ ಕೈ, ಚಾಕರಿ ಮಾಡಿಸಿಕೊಳ್ಳುವುದು ರೂಢಿಯಾಗಿರಬಹುದು, ಥೂ, ಎಂಥ ಯೋಚನೆ, ಆದರೆ ಬಂತಲ್ಲ, ಬಂದದ್ದನ್ನು ಯಾರು ಕತ್ತರಿಸುವುದು.

ಮರುದಿನ ಲ್ಯಾಬಿನಲ್ಲಿ ಮೇಡಂ ಬಂದದ್ದು ನನಗೆ ಕೇಳಿಸಲೇ ಇಲ್ಲ, ಹೆಡ್‌ಫೋನು, ಹದಿನೈದನ್ನು ಸುಮ್ಮನೆ ಹಾಕಿಕೊಂಡು ನೋಡುತ್ತಿದ್ದೆ, ಎಷ್ಟನೆಯ ಸಲವೋ, ಭುಜದ ಮೇಲೆ ಕೈ ಬಿತ್ತು, ಏಯ್, ಇದನ್ನ ಯಾಕೆ ಬಚ್ಚಿಟ್ಕೊಂಡಿದ್ದೆ, ನಿಲ್ಲಿಸು, ಮತ್ತೆ ಹಾಕು, ನೋಡು ಅವಳು ಶೂ ಬಿಚ್ತಿದ್ದಾಳೆ ಹಿಂದೆ ಯಾರೋ ನಡೀತಿದ್ದಾರೆ ಅವಳಿಗೆ ಗೊತ್ತೇ ಇಲ್ಲ, ಇದನ್ನೇ ಅಲ್ವಾ ನಾನು ಮೂರು ವಾರದಿಂದ ಬಡ್ಕೋತಾ ಇರೋದು, ಯಾರದು, ಎಷ್ಟು ಸಹಜವಾಗಿ ನಡೀತಾರೆ, ಕಾಲಿಗೆ ಏನೋ ಆಗಿರೋ ಥರ. ಗುಬ್ಬಿ ಹಾರಿ ಬಂದಳು, ಅಯ್ಯೋ ನಾನ್ ಬಿಸ್ಕೆಟ್ ತಿಂತಾ ಇದ್ದಾಗ ನನ್ನ ಬೆನ್ನ ಹಿಂದೆ ಇದೆಲ್ಲ ಆಗ್ತಿತ್ತಾ, ಮೈ ಜುಮ್ ಅಂತು ಕಣೇ, ಇದೇ ಬೇಕು, ಬಿಸ್ಕೆಟ್ ಕಾಣದ ಹಾಗೆ ಕತ್ತರಿಸ್ತೀಯಲ್ಲ. ಒಂಟೆ ಬಾಗಿಲಲ್ಲೇ ನಿಂತು ನನ್ನನ್ನೇ ನೋಡಿದ. ಬೇಡ ಮೇಡಂ ಅನ್ನಬಹುದಿತ್ತು, ಫೈಲ್ ಹಾಳಾಗಿದೆ ಅನ್ನಬಹುದಿತ್ತು, ನಾಲಿಗೆಯ ತುದಿಯವರೆಗೆ ಬಂದು ಹಿಂದೆ ಹೋಯಿತು, ಯಾಕೆಂದರೆ ಶಾಟು ಚೆನ್ನಾಗಿತ್ತು, ಅದು ನಿಜ, ನಾನು ಹಾಕಿಕೊಂಡು ನೋಡಿದ ಇಪ್ಪತ್ತು ಸಲದಲ್ಲಿ ಹತ್ತು ಸಲ ಅಜ್ಜಿಯನ್ನು ನೋಡಿದ್ದೆ, ಇನ್ನು ಹತ್ತು ಸಲ ಶಾಟನ್ನು ನೋಡಿದ್ದೆ. ಕತ್ತಲು ಮಾಡಿದೆ, ಮುಖ ಕಾಣುವುದಿಲ್ಲ, ಬಣ್ಣ ತೆಗೆದೆ, ನೈಟಿ ಬೂದುಬಣ್ಣವಾಯಿತು, ಹನ್ನೊಂದು ಸೆಕೆಂಡು ಮೂರಾಯಿತು, ಎರಡು ಹೆಜ್ಜೆ ಇಟ್ಟು ಮೂರನೆಯದಕ್ಕೆ ಪಾದ ಎತ್ತಿದಲ್ಲಿಗೆ ಕಟ್, ಯಾರೂ ಗುರುತು ಹಿಡಿಯಲಾರರು, ಸರಿ, ಯಾರೂ ಗುರುತು ಹಿಡಿಯದಿದ್ದರೆ ಪ್ರದರ್ಶನಕ್ಕೆ ಅಮ್ಮನನ್ನು ಯಾಕೆ ಕರೆದೆ, ಅಮ್ಮ ಶುಕ್ರವಾರ ಮೂರು ಗಂಟೆಗೆ ಬರಲೇಬೇಕು, ಎಲ್ರ ಮನೆಯೋರೂ ಬರ್ತಾರೆ, ಎಂದು ಯಾಕೆ ದುಂಬಾಲು ಬಿದ್ದೆ, ಹೇಳಿದವಳು ನಾನಾಗಬಾರದು, ಅಮ್ಮನೇ ಕಂಡುಹಿಡಿಯಬೇಕು, ಅಜ್ಜಿ ಕೇಳಿದರೆ ನಾನು ಹೇಳಿಲ್ಲ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಬಹುದು — ಇಷ್ಟು ಹೊತ್ತೂ ಒಂಟೆಯ ಮೇಲೆ ಅನುಮಾನ, ಅಜ್ಜಿಯ ಮೇಲೆ ಅನುಮಾನ, ಕತ್ತಲಾದ ಪರದೆಯ ಗಾಜಿನಲ್ಲಿ ಕಂಡ ಮುಖವನ್ನು ಮಾತ್ರ ಒಮ್ಮೆಯೂ ಅನುಮಾನಿಸಲಿಲ್ಲ.

ಅಮ್ಮ ಬಂದಳು, ಆಫೀಸಿಗೆ ಕಟ್ಟಿಕೊಂಡು ಹೋಗುತ್ತಿದ್ದ ವಾಚು ಕಟ್ಟಿಕೊಂಡು, ಪಕ್ಕದ ಮನೆ ಆಂಟಿಯನ್ನು ಅಜ್ಜಿಯ ಹತ್ತಿರ ಕೂರಿಸಿ, ಸೆಮಿನಾರ್ ಹಾಲಿನ ಪರದೆಗಳನ್ನೆಲ್ಲ ಎಳೆದಿದ್ದರು, ಪ್ಲಾಸ್ಟಿಕ್ ಕುರ್ಚಿ ಕಿರ್ ಅನ್ನುತ್ತಿತ್ತು, ನಮ್ಮದು ಐದನೆಯದು, ಮೊದಲ ನಾಲ್ಕರಲ್ಲಿ ಏನಿತ್ತೋ ದೇವರೇ ಬಲ್ಲ, ನಾನು ಅಮ್ಮನ ಕೈಯನ್ನೇ ನೋಡುತ್ತಿದ್ದೆ. ಶುರುವಾಯಿತು. ಕೀಲಿಯ ಸದ್ದು, ಬಾಗಿಲು, ಗುಬ್ಬಿ ಬ್ಯಾಗು ಇಳಿಸಿದಳು, ಕೂತಳು, ಶೂ ದಾರ, ಮ್ಯೂಸಿಕ್ ಇಲ್ಲ, ಮ್ಯೂಸಿಕ್ಕನ್ನು ನಾನೇ ತೆಗೆದಿದ್ದೆ, ನಲ್ಲಿಯ ತೊಟ್ಟು ಮಾತ್ರ, ಗಾಜಿನಲ್ಲಿ ಬೂದಿಬಣ್ಣ ಎದ್ದಿತು, ಒಂದು ಹೆಜ್ಜೆ, ಎರಡು, ಕತ್ತಲಲ್ಲಿ ಯಾರೋ ಹೆಂಗಸು ಅಮ್ಮಾ ಎಂದಳು, ಹಿಂದಿನ ಸಾಲಿನವರು ಉಸಿರೆಳೆದುಕೊಂಡದ್ದು ನನ್ನ ಕತ್ತಿಗೆ ತಾಗಿತು, ಇದಕ್ಕಾಗಿ ತಾನೆ ಇಷ್ಟು ದಿನ ಒದ್ದಾಡಿದ್ದು, ಆದರೆ ಅಮ್ಮನ ಕೈ ಅಲುಗಲಿಲ್ಲ, ಅಮ್ಮ ಬೆಚ್ಚಲಿಲ್ಲ, ತಲೆಯನ್ನು ಸ್ವಲ್ಪ ಓರೆ ಮಾಡಿದಳು, ಬೇರೆಯವರು ಹಾಕಿದ ನಕ್ಷೆಯನ್ನು ನೋಡುವಾಗ ಮಾಡುತ್ತಿದ್ದಳಲ್ಲ ಹಾಗೆ. ಗುರುತು ಸಿಗಲಿಲ್ಲವೇ, ಹಾಗಾದರೆ ಬಚಾವಾದೆನೋ, ಸೋತೆನೋ. ದೀಪ ಹತ್ತಿತು, ಚಪ್ಪಾಳೆ, ಮೇಡಂ ದೂರದಿಂದ ಹೆಬ್ಬೆರಳು ಎತ್ತಿದರು, ಅಮ್ಮ ನನ್ನ ಕಡೆ ಬಾಗಿ, ಚೆನ್ನಾಗಿ ಬಂದಿದೆ ಕಣೆ, ಆದ್ರೆ ಎರಡೇ ಹೆಜ್ಜೆ ತೋರಿಸಿದ್ದೀಯ, ಕಿಟಕಿವರೆಗೂ ಹೋಗ್ತಾರೆ ಅವರು, ಅಂದಳು.

ಬಸ್ಸಿನಲ್ಲಿ ಕಿಟಕಿಯ ಸೀಟು ನನಗೆ ಬಿಟ್ಟಳು, ನಾಲ್ಕೂವರೆಯ ಬಿಸಿಲು ಮೊಣಕೈ ಮೇಲೆ ಬೀಳುತ್ತಿತ್ತು, ಎರಡು ನಿಲ್ದಾಣ ದಾಟಿದ ಮೇಲೆ ಕೇಳಿದೆ, ಯಾವಾಗಿಂದ ಗೊತ್ತಮ್ಮ ನಿನಗೆ. ಬೇಸಿಗೆಯಿಂದ, ಅವರ ಅಂಗಾಲು ಒರೆಸೋಳು ನಾನು ತಾನೆ, ಮಲಗಿದೋರ ಅಂಗಾಲಿಗೆ ಧೂಳು ಎಲ್ಲಿಂದ ಬರುತ್ತೆ. ಗೊತ್ತಿದ್ದೂ ಸೊಂಟ ಮುರ್ಕೊಂಡು ಎತ್ತುತ್ತೀಯಾ. ಅಮ್ಮ ಟಿಕೆಟನ್ನು ಉದ್ದಕ್ಕೆ ಮಡಚಿದಳು, ಅಡ್ಡಕ್ಕೆ ಮಡಚಿದಳು, ಆಗ ಆಫೀಸಲ್ಲಿ ನನಗೆ ಗೆರೆ ನೆಟ್ಟಗೆ ಬರ್ತಿರ್ಲಿಲ್ಲ, ಕೈ ನಡುಗ್ತಿತ್ತು, ಡಾಕ್ಟರ್ ಏನೂ ಇಲ್ಲ ಅಂದ್ರು, ಸ್ಕ್ರೀನ್ ಮೇಲೂ ಅಳತೆ ತಪ್ತಿತ್ತು, ಒಂದ್ಸಲ ಮೆಟ್ಟಿಲಿಗೆ ಜಾಗಾನೇ ಬಿಡದೆ ಮೇಲಿನ ಮಹಡಿ ಹಾಕಿಬಿಟ್ಟಿದ್ದೆ, ಪಕ್ಕದ ಟೇಬಲ್ಲಿನ ಹುಡುಗಿ ನನ್ನ ಕೆಲಸಾನೆಲ್ಲ ಮತ್ತೆ ಮಾಡ್ತಿದ್ಲು, ನನಗೆ ಗೊತ್ತಾಗದ ಹಾಗೆ, ಗೊತ್ತಾಗ್ತಿತ್ತು. ಇವತ್ತು ಹೇಳ್ತಾರೆ ನಾಳೆ ಹೇಳ್ತಾರೆ ಕೆಲಸ ಬಿಡು ಅಂತ ಕಾಯ್ತಿದ್ದೆ, ಅಷ್ಟರಲ್ಲಿ ಅತ್ತೆ ಬಿದ್ರು, ಆಫೀಸೆಲ್ಲ ಪಾಪ ಅಂತು, ಹೂವು ಕೊಟ್ಟು ಕಳಿಸಿದ್ರು, ಗೆರೆ ಸುದ್ದಿ ಯಾರೂ ಎತ್ತಲಿಲ್ಲ. ನಿನಗೆ ಗೊತ್ತಿರೋದು ಅಜ್ಜಿಗೆ ಗೊತ್ತಾ. ಕೇಳಿಲ್ಲ, ಕೇಳೋದೂ ಇಲ್ಲ, ನೀನೂ ಕೇಳ್ಬೇಡ. ಹಾಗಾದ್ರೆ ಮಧ್ಯಾಹ್ನ ತಲೆ ಬಾಚ್ಕೊಂಡು ಏನ್ ಮಾತಾಡ್ತೀರಿ. ಅಮ್ಮ ಮೊದಲ ಸಲ ನಕ್ಕಳು, ಎಲ್ಲಾನೂ, ಅದೊಂದು ಬಿಟ್ಟು.

ಈಗ ನನ್ನ ಮಂಚದ ಮೇಲೆ ಲ್ಯಾಪ್‌ಟಾಪು ತೆರೆದಿದೆ, ಮೇಡಂ ಸಂದೇಶ ಕಳಿಸಿದ್ದಾರೆ, ಶಾಟ್ ಅದ್ಭುತ, ಇನ್ನೂ ಒಂದೆರಡು ಸೆಕೆಂಡ್ ಉದ್ದ ಮಾಡಿ ಸೋಮವಾರ ಕೊಡು, ಹೊರಗಿನ ಸ್ಪರ್ಧೆಗೆ ಕಳಿಸೋಣ, ಗುಬ್ಬಿ ಅದಕ್ಕೆ ಹದಿನಾಲ್ಕು ಹೃದಯ ಒತ್ತಿದ್ದಾಳೆ, ಒಂಟೆ ನನಗೊಬ್ಬಳಿಗೇ ಬೇರೆಯಾಗಿ, ಏನಾಯ್ತು, ಎಂದು ಬರೆದು ಕಾಯುತ್ತಿದ್ದಾನೆ, ಮೂರು ಚುಕ್ಕಿ ಬರುತ್ತವೆ ಹೋಗುತ್ತವೆ. ಏನಾಯಿತು ಎಂದು ಬರೆಯಲಿ, ಹೊರಗಿನವರೆಲ್ಲ ನೋಡುವ ಶಾಟನ್ನು ಉದ್ದ ಮಾಡಬೇಕೋ, ಪೂರ್ತಿ ತೆಗೆದು ಮೇಡಂ ಹತ್ತಿರ ಬೈಸಿಕೊಳ್ಳಬೇಕೋ, ಮೂರನೆಯ ಹೆಜ್ಜೆಯ ಮೇಲೆ ಕತ್ತರಿಸುವ ಗೆರೆ ನಿಂತಿದೆ, ಒತ್ತಿದರೆ ಆಯಿತು, ಬೆರಳು ಏಳುತ್ತಿಲ್ಲ, ಯಾಕೆಂದರೆ ಈಗಷ್ಟೇ ಅಜ್ಜಿಯ ಕೋಣೆಯ ಬಾಗಿಲಲ್ಲಿ ನಿಂತು ಬಂದೆ, ಅಮ್ಮ ಮಂಚದ ಕೆಳತುದಿಯಲ್ಲಿ ಬೋಗುಣಿ ಇಟ್ಟುಕೊಂಡು ಕೂತಿದ್ದಳು, ಅಜ್ಜಿಯ ಪಾದ ಅಮ್ಮನ ತೊಡೆಯ ಮೇಲೆ, ಹೇಗಿತ್ತು ಕೂಸಿನ ಸಿನಿಮಾ ಎಂದು ಅಜ್ಜಿ ಕೇಳಿದರು, ಚೆನ್ನಾಗಿತ್ತು ಅತ್ತೆ, ಅದರಲ್ಲಿ ಯಾರೋ ಒಬ್ರು ಸುಮ್ನೆ ನಡೀತಾರೆ, ಅಷ್ಟೇ, ಓ, ನೋಡಿದ್ರೆ ಭಯ ಆಗುತ್ತಾ, ಮೊದಲು ಆಗುತ್ತೆ ಅತ್ತೆ, ಆಮೇಲೆ ರೂಢಿಯಾಗುತ್ತೆ, ಇಬ್ಬರ ದನಿಯಲ್ಲೂ ಏನೂ ಇರಲಿಲ್ಲ, ನಾನು ಕಿವಿ ನಿಮಿರಿಸಿಕೊಂಡು ಕೇಳಿದೆ, ಒಂದು ನಡುಕ, ಒಂದು ತಡೆ, ಏನೂ ಇಲ್ಲ, ಅಜ್ಜಿ ಕಣ್ಣು ಮುಚ್ಚಿದರು, ಅಮ್ಮ ಒದ್ದೆ ಟವೆಲಿನಿಂದ ಅಂಗಾಲನ್ನು ಹಿಮ್ಮಡಿಯಿಂದ ಬೆರಳಿನವರೆಗೆ ಒಂದೇ ಸಲಕ್ಕೆ ಎಳೆದಳು, ಆ ಎಳೆತ ನೆಟ್ಟಗಿತ್ತು, ಕೈ ನಡುಗಲಿಲ್ಲ — ಒಂಟೆಗೆ ಏನೆಂದು ಬರೆಯಲಿ — ಬಿಳಿ ಟವೆಲಿನ ಮೇಲೆ ಬೂದು ಗೆರೆ, ಅಮ್ಮ ಅದನ್ನು ನೋಡಿದಳು, ಅಜ್ಜಿ ಕಣ್ಣು ಬಿಟ್ಟು ಅಮ್ಮ ನೋಡುವುದನ್ನು ನೋಡಿದರು, ಅಥವಾ ನೋಡಲಿಲ್ಲವೋ, ಇಲ್ಲ, ನೋಡಿದರು, ರೆಪ್ಪೆ ಅಲುಗಿತು — ಮೂರನೆಯ ಹೆಜ್ಜೆ, ಗೆರೆ ಮಿನುಗುತ್ತಿದೆ — ಬಿಳಿ ಟವೆಲು, ಬೂದು ಗೆರೆ, ಅಮ್ಮನ ಕೈ, ಧೂಳು ಒಳಗೆ ಹೋಗುವಂತೆ ಒಂದು ಮಡಿಕೆ, ಅದರ ಮೇಲೆ ಇನ್ನೊಂದು ಮಡಿಕೆ